ತಂಗಳು ಹಬ್ಬ

"ಸ್ಟೂಲು ಗಟ್ಟಿಯಾಗಿ ಹಿಡ್ಕೊಳೇ, ಒಂದೇ ಮನೇಲಿ ಎರಡು ಹೆಣ ಬೀಳೋದು ಬೇಡ," ಎಂದು ಸೋದರಸೊಸೆಯನ್ನು ಗದರುತ್ತ ಆ ಹಿರಿಯ ಹೆಂಗಸು ಬಾಗಿಲ ಮೇಲಿನ ತೋರಣವನ್ನು ಕಿತ್ತು ಕೆಳಕ್ಕೆಸೆದಳು. ನಿನ್ನೆ ಸಂಜೆ ಅದೇ ಸ್ಟೂಲು ಹತ್ತಿ ತೋರಣ ಕಟ್ಟಿದ್ದ ಅವಳ ತಮ್ಮ ಈಗ ನಡುಮನೆಯಲ್ಲಿ ಚಾಪೆಯ ಮೇಲೆ ಮಲಗಿದ್ದ. ಮೂಗಿಗೆ ಹತ್ತಿ ಇಟ್ಟಿದ್ದರು.

ದೀಪಾವಳಿಯ ಬೆಳಗು. ಹಿಂದಿನ ಬೀದಿಯಲ್ಲಿ ಪಟಾಕಿ ಸಿಡಿಯುತ್ತಲೇ ಇತ್ತು. ಈ ಬೀದಿಯವರು ಮಾತ್ರ ಮಕ್ಕಳ ಕೈಯಿಂದ ಬೆಂಕಿಪೊಟ್ಟಣ ಕಿತ್ತುಕೊಂಡು, ಎಣ್ಣೆತಲೆಯಲ್ಲೇ ಬಂದು ಬಾಗಿಲಲ್ಲಿ ನಿಂತಿದ್ದರು.

ಸತ್ತವನ ಹೆಂಡತಿ ಗೋಡೆಗೊರಗಿ ಕೂತಿದ್ದಳು. ಅಳು ಬರುತ್ತಿರಲಿಲ್ಲ. ಬರುತ್ತಿದ್ದುದು ಸಿಟ್ಟು. ರಿಟೈರ್ ಆಗಿ ಇನ್ನೂ ವರ್ಷ ತುಂಬಿಲ್ಲ, ಊರವರ ಜೊತೆಗೇ ಮಾಡಬೇಕಿದ್ದ ಮೊದಲ ಹಬ್ಬ, ನೀರು ಕಾದಿದೆ ಏಳ್ರೀ ಎಂದು ಎಬ್ಬಿಸಲು ಹೋದರೆ ಈ ಮನುಷ್ಯ ಏಳಲೇ ಇಲ್ಲ. ಜೀವಮಾನವೆಲ್ಲ ಕಾಯಿಸಿದ್ದು ಸಾಲದಾಗಿತ್ತೇ?

ಗಂಡನ ಅಕ್ಕ ಒಳಗೆ ಬಂದು ತಮ್ಮನ ಕಾಲ ಹತ್ತಿರ ಕುಸಿದಳು. "ಇನ್ನು ಈ ಮನೆಗೆ ದೀಪಾವಳಿ ಇಲ್ಲ ಕಣಮ್ಮ."

"ಇಲ್ಲ ಅಂದ್ರೆ?" ಮಗಳು ಕೇಳಿದಳು.

"ಹಬ್ಬದ ದಿನ ಸಾವಾದ್ರೆ ಆ ಹಬ್ಬ ಮನೆತನಕ್ಕೆ ಬಿಟ್ಟುಹೋದ ಹಾಗೆ. ಮುಂದೆ ಯಾವತ್ತಾದ್ರೂ ಇದೇ ಹಬ್ಬದ ದಿನ ಮನೇಲಿ ಮಗುವೋ, ಕೊಟ್ಟಿಗೇಲಿ ಕರುವೋ ಹುಟ್ಟಿದ್ರೆ ವಾಪಸ್ ಬರುತ್ತೆ. ಅಲ್ಲೀವರೆಗೂ ದೀಪ ಇಲ್ಲ, ಎಣ್ಣೆನೀರಿಲ್ಲ."

"ಬಾಡಿಗೆ ಮನೇಲಿ ಕರು ಎಲ್ಲಿಂದ ಹುಟ್ಟಿಸೋಣ ಅತ್ತೆ?"

"ನನ್ನ ಮೇಲೆ ಯಾಕೆ ಹಾರಾಡ್ತೀಯ? ನಾನು ಮಾಡಿದ ಶಾಸ್ತ್ರಾನಾ ಇದು?"

ಗೋಡೆಗೊರಗಿದ್ದವಳು ತಲೆಯೆತ್ತಿದಳು. "ಅಕ್ಕ, ನರಕಾಸುರ ಸತ್ತ ಅಂತ ತಾನೇ ಇವತ್ತು ಊರೆಲ್ಲ ಎಣ್ಣೆನೀರು ಹಾಕ್ಕೊಳೋದು? ನಾನು ಸತ್ತ ದಿನ ಜನ ದೀಪ ಹಚ್ಚಲಿ ಅಂತ ವರ ಕೇಳ್ಕೊಂಡ ರಾಕ್ಷಸನಿಗೆ ಹಬ್ಬ. ಊರಿಗೆಲ್ಲ ದೀಪ ಹತ್ತಿಸಿ ಸತ್ತ ಇವರಿಗೆ ಇರೋ ಹಬ್ಬಾನೂ ಕಟ್. ಇದ್ಯಾವ ನ್ಯಾಯ ಅಕ್ಕ?"

"ಹೆಣದ ಮುಂದೆ ಜಗಳ ತೆಗೀಬೇಡ," ಎಂದು ಅಕ್ಕ ಸೆರಗಿನಿಂದ ಮೂಗೊರೆಸಿಕೊಂಡಳು.

*

ಅವನು ಲೈನ್‌ಮ್ಯಾನ್. ದೀಪಾವಳಿ ಬಂತೆಂದರೆ ಊರ ಮನೆಗಳೆಲ್ಲ ಮೈತುಂಬ ಬಲ್ಬು ಹೊದ್ದುಕೊಳ್ಳುತ್ತಿದ್ದವು, ಟ್ರಾನ್ಸ್‌ಫಾರ್ಮರು ಕೈಚೆಲ್ಲುತ್ತಿತ್ತು, ಇವನು ಕಂಬ ಹತ್ತುತ್ತಿದ್ದ. ಮದುವೆಯಾದ ವರ್ಷ ಅವಳು ಹೊಸ ಸೀರೆ ಉಟ್ಟು ಬಾಗಿಲು ಕಾದಿದ್ದೇ ಬಂತು. ಹಬ್ಬವೆಲ್ಲ ಮುಗಿದ ಮಾರನೆಯ ದಿನ ಮಸಿ ಬಳಿದುಕೊಂಡು ಬಂದ ಗಂಡ, "ಇವತ್ತು ಮಾಡಿದ್ರಾಯ್ತು ಬಿಡೇ, ಹಬ್ಬಕ್ಕೇನು ಕಾಲಿದೆಯಾ ಓಡಿಹೋಗೋಕೆ?" ಎಂದಿದ್ದ. ಅಂದಿನಿಂದ ಅದೇ ರೂಢಿಯಾಯಿತು. ಊರು ಹಣತೆ ತೊಳೆದಿಡುವ ದಿನ ಇವರ ಮನೆಯಲ್ಲಿ ದೀಪ.

"ಏನ್ರೀ, ತಂಗಳು ಹಬ್ಬ ಬಿಸಿ ಮಾಡ್ತಾ ಇದೀರಾ?" ಎಂದು ಅಕ್ಕಪಕ್ಕದವರು ನಗುತ್ತಿದ್ದರು. ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಆ ಉರಿಯನ್ನೆಲ್ಲ ಅವನ ನೆತ್ತಿಯ ಮೇಲೆ ತೀರಿಸಿಕೊಳ್ಳುತ್ತಿದ್ದಳು. ಮಣೆಯ ಮೇಲೆ ಕೂರಿಸಿ ಎಣ್ಣೆ ಸುರಿದು ರಪರಪನೆ ತಟ್ಟುವಳು.

"ದೀಪ ಯಾಕೆ ಇಡೋದು, ಅದಾದ್ರೂ ಗೊತ್ತಾ ನಿಮಗೆ? ಬೆಳಕಿರೋ ಮನೆ ಹುಡುಕ್ಕೊಂಡು ಲಕ್ಷ್ಮಿ ಬರ್ತಾಳಂತೆ."

"ನಂಗೆ ಕಂಪ್ಲೇಂಟ್ ಬರುತ್ತಪ್ಪ," ಎನ್ನುವನು. ಹಾಗೆನ್ನುತ್ತಲೇ ನಿದ್ದೆ ಹೋಗುವನು. ದಿನಗಟ್ಟಲೆ ನಿದ್ದೆಗೆಟ್ಟ ತಲೆ ಅವಳ ಅಂಗೈಗೆ ವಾಲಿಕೊಳ್ಳುತ್ತಿತ್ತು. ಹಂಡೆಯ ನೀರು ಆರುತ್ತಿದ್ದರೂ ಅವಳು ಕೈ ಅಲ್ಲಾಡಿಸುತ್ತಿರಲಿಲ್ಲ. ವರ್ಷಕ್ಕೆ ಅದೊಂದು ದಿನ ಆ ತಲೆ ಪೂರ್ತಿ ಅವಳದು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಹೇಳುತ್ತಿದ್ದುದೆಲ್ಲ ಬೈಗುಳವೇ.

*

ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಚಟ್ಟ ಸಿದ್ಧವಾಯಿತು. ಅವನ ಜೊತೆ ದುಡಿದ ಲೈನ್‌ಮ್ಯಾನ್ ಒಬ್ಬ ಒಳಬಂದು ತಲೆ ಕೆರೆದುಕೊಳ್ಳುತ್ತ ನಿಂತ.

"ಅತ್ತಿಗೆ, ಸ್ವಲ್ಪ ಬೇಗ ಆದ್ರೆ... ಸಂಜೆ ನಮಗೆ ಡ್ಯೂಟಿ."

"ಹಾಳಾಗಿ ಹೋಗಲಿ ನಿಮ್ಮ ಡ್ಯೂಟಿ! ಇವತ್ತೂನಾ?"

"ಏನು ಮಾಡೋದು ಅತ್ತಿಗೆ, ನಿಮಗೆ ಗೊತ್ತಿಲ್ಲದ್ದಾ? ಲೈನ್‌ಮ್ಯಾನ್ ಮನೇಲಿ ಇವತ್ತು ಎಲ್ಲಿ ಹಬ್ಬ?"

ಅವಳು ಅವನನ್ನೇ ನೋಡಿದಳು. ಆಮೇಲೆ ಗೋಡೆ ಹಿಡಿದು ಎದ್ದು ನಿಂತಳು.

"ಕೇಳಿಸ್ಕೊಂಡ್ರಾ ಅಕ್ಕ? ಇವತ್ತು ನಮ್ಮ ಹಬ್ಬ ಅಲ್ಲ. ನಮ್ಮದು ಯಾವಾಗ್ಲೂ ಎಲ್ಲರದ್ದೂ ಮುಗಿದ ಮೇಲೆ. ಇವರು ತೀರಿಕೊಂಡಿದ್ದು ಊರಿನ ಹಬ್ಬದ ದಿನ. ನಮ್ಮ ಹಬ್ಬದ ದಿನ ಅಲ್ಲ. ಈ ವರ್ಷ ಸೂತಕ, ಇರಲಿ. ಬರೋ ವರ್ಷ ನಾನು ದೀಪ ಹಚ್ಚೋಳೇ."

"ಮತ್ತೆ ತೋರಣ ಕಟ್ಟಿದ್ದು?"

"ಕೈ ಖಾಲಿ ಇತ್ತು, ಮುಂಚೇನೇ ಕಟ್ಟಿದ್ರು." ಸುಳ್ಳು ಸಲೀಸಾಗಿ ಬಂತು. ನಿನ್ನೆಯವರೆಗೂ ಆ ತಂಗಳು ಹಬ್ಬಕ್ಕೆ ಶಾಪ ಹಾಕಿದ್ದ ಬಾಯಿ ಅದು.

ಮಗಳು ತಾಯಿಯ ಮುಖ ನೋಡಿ, "ಹೌದು ಅತ್ತೆ," ಎಂದಳು.

ಹೆಣವನ್ನು ಅಂಗಳಕ್ಕೆ ತಂದು ಹಲಗೆಯ ಮೇಲೆ ಮಲಗಿಸಿದಾಗ, ಅಕ್ಕ ಒಳಗಿನಿಂದ ಎಣ್ಣೆ ಬಟ್ಟಲು ಹಿಡಿದು ಬಂದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಅದರಲ್ಲಿ ಕಪಟವಿರಲಿಲ್ಲ.

"ನಿಂದೇ ಆಗಲಿ ಕಣೇ, ನಂಗ್ಯಾಕೆ. ಬಾ, ತಲೆಗೆ ಎಣ್ಣೆ ಇಡು. ಕೆಲಸಕ್ಕೆ ಸೇರಿದ ಮೇಲೆ ದೀಪಾವಳಿ ದಿನ ಒಂದ್ಸಲಾನೂ ಎಣ್ಣೆನೀರು ಕಂಡೋನಲ್ಲ ನನ್ನ ತಮ್ಮ. ಹೋಗೋವಾಗಲಾದ್ರೂ ಕಾಣಲಿ."

ಹೆಂಡತಿಯ ಬೆರಳು ಬಟ್ಟಲಿನ ತನಕ ಹೋಯಿತು. ಎಣ್ಣೆ ಬೆಚ್ಚಗಿತ್ತು, ಬಟ್ಟಲಿನ ಅಂಚಿಗೇ ತಿಳಿಯುತ್ತಿತ್ತು. ಇವತ್ತು ಎಣ್ಣೆ ಇಟ್ಟರೆ ಇವತ್ತೇ ಹಬ್ಬ. ಹಬ್ಬವಾದರೆ ಅದು ಇಲ್ಲಿಗೇ ಮುಗಿಯಿತು. ಅವಳು ಕೈ ಹಿಂದಕ್ಕೆಳೆದುಕೊಂಡಳು.

"ಬೇಡ ಅಕ್ಕ. ಬರೀ ನೀರು ಸಾಕು."

"ಎದೆಯೇನು ಕಲ್ಲಾ ನಿಂದು?" ಅಕ್ಕ ಬಟ್ಟಲನ್ನು ಮತ್ತೆ ಮುಂದೆ ಚಾಚಿದಳು.

"ಇವತ್ತು ನಮ್ಮ ಹಬ್ಬ ಅಲ್ಲ," ಎಂದಳು ಅವಳು. ಆಗ ಅವಳಿಗೆ ಅಳು ಬಂತು, ಬೀದಿಯೇ ಕೇಳುವಂತೆ ಬಂತು.

ಅಳುತ್ತಲೇ ಹಲಗೆಯ ತುದಿಗೆ ಕೂತು ಅವನ ತಲೆಯನ್ನು ಅಂಗೈಗೆ ಎತ್ತಿಕೊಂಡಳು. ಅಕ್ಕ ಬಟ್ಟಲು ಕೆಳಗಿಟ್ಟು ಚೊಂಬು ತೆಗೆದುಕೊಂಡಳು, ನೀರು ಹುಯ್ದಳು, ಇನ್ನೊಂದು ಚೊಂಬು ಹುಯ್ದಳು. ಗಂಡಸರು ಚಟ್ಟದ ಹತ್ತಿರ ನಿಂತು ಆಯಿತೇ ಎಂದು ಕೇಳಿದರು. ಅವಳ ಬರಿಯ ಬೆರಳುಗಳು ಒದ್ದೆಗೂದಲ ನಡುವೆ ತಿಕ್ಕುತ್ತಲೇ ಇದ್ದವು, ನಿದ್ದೆಯಲ್ಲಿರುವವನಿಗೆ ಎಚ್ಚರವಾಗದ ಹಾಗೆ, ಮೆಲ್ಲಗೆ.