ಪೆಟ್ಟಿಗೆಯೊಳಗಿನ ಕುಳಲ್

ಸತ್ತವನಿಗೆ ದಾರಿ ತಾನಾಗಿ ತಿಳಿಯುವುದಿಲ್ಲ. ಯಾರಾದರೂ ಕುಳಲ್ ಊದಬೇಕು. ಆ ನಾದದ ತುದಿ ಹಿಡಿದುಕೊಂಡು ಅವನು ಅಂಗಳ ಇಳಿದು, ಗದ್ದೆಯ ಬದು ದಾಟಿ, ಹೊಳೆಯಾಚೆ ಅಜ್ಜ ಮುತ್ತಜ್ಜಂದಿರು ಕೂತಿರುವಲ್ಲಿಗೆ ಹೋಗಿ ಸೇರಬೇಕು. ಏಳು ದಿನದೊಳಗೆ ಊದದಿದ್ದರೆ ಹಸಿದ ನಾಯಿಯ ಹಾಗೆ ಮನೆಯ ಸುತ್ತಲೇ ಸುತ್ತುತ್ತಾನಂತೆ. ಕೊನೆಗೆ ಹೆತ್ತವಳಿಗೂ ಗುರುತು ಹತ್ತದ ಹಾಗಾಗಿಬಿಡುತ್ತಾನಂತೆ. ಬಾವಲಿಯ ಕಾಡಂಚಿನ ಹಾಡಿಯಲ್ಲಿ ಇದು ಎಳೆಮಕ್ಕಳಿಗೂ ಗೊತ್ತು.

ಅಮ್ಮಾಳುವಿನ ಮಗ ಮಾದನ್ ಸತ್ತು ಅಂದಿಗೆ ಏಳನೆಯ ದಿನ.

ಸತ್ತ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಉಳುವವರಿಗೆ ನೆಲ ಬೇಕು ಎಂದು ಕಾಡು ಸೇರಿದವರ ಜೊತೆ ಹೋದವನನ್ನು ಪೊಲೀಸರು ಗುಂಡಿಟ್ಟು ಅಲ್ಲೇ ಸುಟ್ಟುಹಾಕಿದ್ದನ್ನು ಜೇನಿಗೆ ಹೋದವರು ಮರದ ಮೇಲಿಂದ ಕಂಡಿದ್ದರು. ಪೊಲೀಸರ ಲೆಕ್ಕದಲ್ಲಿ ಮಾತ್ರ ಅವನು ತಲೆಮರೆಸಿಕೊಂಡವನು. ಅತ್ತವರ ಮನೆ ಮುಂದೆ ಜೀಪು ನಿಲ್ಲುತ್ತಿತ್ತು. ಸತ್ತದ್ದು ನಿನಗೆ ಹೇಗೆ ಗೊತ್ತು? ಹೇಳಿದವರು ಯಾರು? ತುಡಿ ಬಡಿದು ಸುದ್ದಿ ಕಳಿಸುತ್ತಾರೆಂದು ಹಾಡಿಯ ತುಡಿ, ಕುಳಲ್ ಎಲ್ಲವನ್ನೂ ಚೀಲಕ್ಕೆ ತುಂಬಿ ಒಯ್ದಿದ್ದರು. ಅಮ್ಮಾಳು ಸೆರಗನ್ನು ಬಾಯಿಗೆ ತುರುಕಿಕೊಂಡು ಏಳು ದಿನ ನೂಕಿದ್ದಳು.

ಕುಳಲ್ ಊದುವ ಮುದುಕ ಕಾಳನ್ ಬೆಳಿಗ್ಗೆ ಬಂದು ಅವಳ ಹೊಸಿಲ ಮುಂದೆ ಕುಕ್ಕರಗಾಲಲ್ಲಿ ಕೂತ.

"ಚೆಲುವರಾಜು ಮೊದಲಾಳಿ ಪೀಡಿಕೇಲಿ ಒಂದು ಪೆಟ್ಟಿಗೆ ಹಾಡ್ತದಲ್ಲ, ಅದ್ರೊಳಗೆ ಒಂದು ಕುಳಲ್ ಉಂಟು ಕಣೆ."

"ದೊರೆ ಪೆಟ್ಟಿಗೆಗೂ ನಮ್ಮ ಸಾವಿಗೂ ಏನು ಮಾವ?"

"ಊದೋನು ಯಾರಾದ್ರೇನು? ಉಸಿರು ಉಸಿರೇ. ಏಳು, ಹೊತ್ತು ಏರ್ತದೆ."

ಅಂಗಡಿಯ ಒಡೆಯ ಚೆಲುವರಾಜುವಿನ ಅಜ್ಜನ ಕಾಲಕ್ಕೇ ಅವರ ಮನೆತನ ಹೊಳೆಯಾಚೆಯ ಮೈಸೂರು ಸೀಮೆಯಿಂದ ಬಂದದ್ದು. ತೋಟ ಬಿಟ್ಟು ಊರಿಗೆ ಹೊರಟ ಬಿಳಿ ದೊರೆಯೊಬ್ಬ ಬ್ಯಾಟರಿಯಲ್ಲಿ ತಿರುಗುವ ರೆಕಾರ್ಡ್ ಪೆಟ್ಟಿಗೆಯನ್ನು ಅವನ ಅಂಗಡಿಯಲ್ಲೇ ಬಿಟ್ಟುಹೋಗಿದ್ದ. ಒಡೆಯದೆ ಉಳಿದ ತಟ್ಟೆ ಒಂದೇ. ಅದರಲ್ಲಿ ಮಾತಿಲ್ಲ, ನೂರು ಜನ ಕೂತು ನುಡಿಸುವ ಮೇಳಕ್ಕೆ ಹುಡುಗಿಯರು ಕಾಲಿನ ಹೆಬ್ಬೆರಳ ಮೇಲೆ ನಿಂತು ಕುಣಿಯುವ ಕಥೆ. ಅರಸುಮಗಳ ಮದುವೆಯ ಕುಣಿತವಂತೆ. ಪಿಟೀಲುಗಳು ಮೊದಲ ಮಳೆ ಕಂಡ ಕರುಗಳ ಹಾಗೆ ಬಾಲವೆತ್ತಿ ಓಡುತ್ತವೆ. ನಡುವೆ ಅವೆಲ್ಲ ತಗ್ಗಿ, ಒಂದು ಊದುವಾದ್ಯ ಮಾತ್ರ ಒಂಟಿಯಾಗಿ ಎದ್ದು ನಿಲ್ಲುತ್ತದೆ.

ಕಾಳನ್, ಅಮ್ಮಾಳು ಹೋದಾಗ ಅಂಗಡಿ ಮುಂದಿನ ಬೆಂಚಿನಲ್ಲಿ ಪೊಲೀಸ್ ಸುಕುಮಾರನ್ ಚಹಾ ಕುಡಿಯುತ್ತ ಕಾಲು ಕುಣಿಸುತ್ತಿದ್ದ. ಪೆಟ್ಟಿಗೆ ಹಾಡುತ್ತಿತ್ತು. ಕಾಳನ್ ಕಣ್ಣು ಮುಚ್ಚಿ ಕೇಳಿ, ಚೆಲುವರಾಜುವಿನ ಕಿವಿಯ ಹತ್ತಿರ ಬಾಗಿದ.

"ಶ್ರುತಿ ನಮ್ಮದೇ, ಮೊದಲಾಳಿ. ಆದ್ರೆ ಇದು ಓಡ್ತದೆ. ಈ ಓಟಕ್ಕೆ ಸತ್ತೋನು ಎಡವಿ ಬೀಳ್ತಾನೆ. ನಡಿಗೆ ಬೇಕು."

ಚೆಲುವರಾಜುವಿನ ಮುಖ ಸುಣ್ಣವಾಯಿತು. "ನನ್ನ ಪೀಡಿಕೆಗೆ ಬೀಗ ಹಾಕಿಸ್ತೀಯೇನೋ? ಅದು ಮದುವೆ ಹಾಡು ಮಾರಾಯ!"

"ಮದುವೆ ದಿಬ್ಬಣನೂ ಒಂದು ಗಳಿಗೆ ಮೆಲ್ಲಗೆ ನಡೀತದೆ."

ಅಮ್ಮಾಳು ಚೆಲುವರಾಜುವನ್ನೇ ನೋಡಿದಳು. ಮಾದನ್ ಎರಡು ವರ್ಷ ಈ ಅಂಗಡಿಯಲ್ಲೇ ಉಪ್ಪಿನ ಮೂಟೆ ಹೊತ್ತವನು. ಚೆಲುವರಾಜು ಅವಳ ಕಡೆ ತಿರುಗದೆ ಪೆಟ್ಟಿಗೆಯ ವೇಗದ ಗುಂಡಿಯನ್ನು ಮೂವತ್ತಮೂರರಿಂದ ಹದಿನಾರಕ್ಕೆ ತಿರುಗಿಸಿ, ಮುಳ್ಳನ್ನು ಒಂಟಿವಾದ್ಯದ ಗೆರೆಯ ಮೇಲಿಟ್ಟ.

ನಾದ ಒಮ್ಮೆಲೇ ನೆಲಕ್ಕಿಳಿಯಿತು. ಶ್ರುತಿ ಅದೇ, ಆದರೆ ಒಂದು ಸ್ಥಾಯಿ ಕೆಳಗೆ, ಬಾವಿಯ ತಳದಿಂದ ಬಂದ ಹಾಗೆ. ಕುಣಿಯುತ್ತಿದ್ದ ಹುಡುಗಿಯರೆಲ್ಲ ಒಂದೇ ಕ್ಷಣದಲ್ಲಿ ಮುದುಕಿಯರಾಗಿ, ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ಹೊರಟಂತಾಯಿತು. ಕಾಳನ್ ಅಂಗಳಕ್ಕಿಳಿದ. ಹೊಳೆ ಅಲ್ಲೇ, ಕೂಗಳತೆಯೂ ಇಲ್ಲ. ಒಂದು ಸ್ವರಕ್ಕೆ ಒಂದು ಹೆಜ್ಜೆ. ಅವನ ಹಿಂದೆ ಇನ್ನೊಬ್ಬ ನಡೆಯುತ್ತಿದ್ದಾನೆಂದು ಅಮ್ಮಾಳುವಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

"ಎಂತದಾ ಚೆಲುವರಾಜೇ, ಮದುವೆಮನೇಲಿ ಹೆಣ ಬಿತ್ತಾ?" ಎಂದು ಸುಕುಮಾರನ್ ನಕ್ಕ.

"ಬ್ಯಾಟರಿ ಕುಂದಿದೆ, ಏಮಾನೇ."

"ಆ ಮುದುಕ ಯಾಕೆ ಹಾಗೆ ನಡೀತಾನೆ?"

"ಕಾಲಿಗೆ ವಾತ."

"ಪೆಟ್ಟಿಗೆಗೂ ವಾತವೇ? ನಾನು ಬಿಡಿಸ್ತೇನೆ ನೋಡು!" ಸುಕುಮಾರನ್ ಎದ್ದು ಬಂದು ಗುಂಡಿಯನ್ನು ತಿರುಗಿಸಿಬಿಟ್ಟ.

ಮದುವೆ ಭೋರೆಂದು ನುಗ್ಗಿತು. ಕಾಳನ್ ಎತ್ತಿದ ಕಾಲನ್ನು ಊರಲಾರದೆ ಹೊಳೆಯ ದಡದಲ್ಲಿ ಕೊಕ್ಕರೆಯ ಹಾಗೆ ನಿಂತ. ನಡುದಾರಿಯಲ್ಲಿ ಕುಳಲ್ ನಿಂತರೆ ಹೊರಟವನು ಈ ದಡಕ್ಕೂ ಇಲ್ಲ, ಆ ದಡಕ್ಕೂ ಇಲ್ಲ. ಅದಕ್ಕಿಂತ ಊದದೆ ಇರುವುದೇ ವಾಸಿ.

ಅಮ್ಮಾಳು ಬಾಯಿಯಿಂದ ಸೆರಗು ತೆಗೆದಳು.

ದಾರಿಯ ನಾದವನ್ನು ಹೆಂಗಸರು ನುಡಿಸುವ ರೂಢಿಯಿಲ್ಲ. ಆದರೆ ಅಪ್ಪನಿಗೆ, ಗಂಡನಿಗೆ ಊದಿದ್ದನ್ನು ಅವಳ ಕಿವಿ ಮರೆತಿರಲಿಲ್ಲ. ಅದೇ ಶ್ರುತಿ ಹಿಡಿದು, ಪೆಟ್ಟಿಗೆ ಓಡಿದಷ್ಟೂ ನಿಧಾನವಾಗಿ, ಗಂಟಲಿನಿಂದಲೇ ಎಳೆದಳು. ಕಾಳನ್‌ನ ಕಾಲು ನೆಲ ಮುಟ್ಟಿತು.

ಸುಕುಮಾರನ್‌ನ ನಗು ಇಳಿಯಿತು. ಈ ಸೀಮೆಯಲ್ಲಿ ಹುಟ್ಟಿ ಬೆಳೆದವನಿಗೆ ಆ ನಾದ ಏನೆಂದು ಗೊತ್ತಾಗದೆ ಇರುತ್ತದೆಯೆ? ಮುಳ್ಳನ್ನು ಎತ್ತಿಟ್ಟ. "ಯಾರು ಸತ್ತದ್ದು?"

ಉತ್ತರ ಕೊಟ್ಟರೆ ನಾದ ಕಡಿದುಹೋಗುತ್ತದೆ. ಅವಳು ಮುಂದಿನ ಸ್ವರ ಎಳೆದಳು.

"ಏ ಹೆಂಗಸೇ, ಕೇಳಿಸಲಿಲ್ವಾ? ಯಾರು ಸತ್ತದ್ದು?"

ಚೆಲುವರಾಜು "ತಲೆ ಸರಿಯಿಲ್ಲ ಏಮಾನೇ, ಬಿಟ್ಟುಬಿಡಿ" ಎಂದು ಕೈ ಮುಗಿದ. ಅಮ್ಮಾಳು ನಿಲ್ಲಿಸಲಿಲ್ಲ. ಕಾಳನ್ ನೀರಿಗಿಳಿದ, ಕಣಕಾಲು, ಮೊಣಕಾಲು, ಸೊಂಟ. ಕೊನೆಗೆ ಎರಡೂ ಕೈಯೆತ್ತಿ, ಹಿಡಿದದ್ದೇನನ್ನೋ ಆಚೆಗೆ ಬಿಟ್ಟುಕೊಟ್ಟವನ ಹಾಗೆ ಬೆರಳು ಬಿಡಿಸಿದ.

ಆಗ ಅವಳು ತಿರುಗಿದಳು. "ನನ್ನ ಮಗ ಸತ್ತದ್ದು, ಏಮಾನೇ. ಮಾದನ್."

"ಹೇಳಿದ್ಯಾರು ನಿಂಗೆ?"

"ಯಾರೂ ಹೇಳ್ಲಿಲ್ಲ. ನಾನೇ ಈಗ ನಿಮಗೆ ಹೇಳ್ತಿರೋದು."

ಸುಕುಮಾರನ್ ಜೀಪಿಗೆ ಹೇಳಿಕಳಿಸಿದ. ಅದು ಬರುವವರೆಗೆ ಅಮ್ಮಾಳು ಅಂಗಡಿಯ ಮೆಟ್ಟಿಲ ಮೇಲೆ ಕೂತು, ಎದೆ ಬಡಿದುಕೊಂಡು, ಊರಿಗೆಲ್ಲ ಕೇಳುವ ಹಾಗೆ ಅತ್ತಳು.