ನಮ್ಮ ಹೋಬಳಿಯ ಓಕ್ ಮರ

ಸ್ಯಾಕ್ಸನ್ ರಾಜರ ಕಾಲದಿಂದಲೂ ನಮ್ಮ ಪುಟ್ಟ ಹೋಬಳಿಯ ನ್ಯಾಯ ನಡೆಯುತ್ತಿದ್ದದ್ದು ದಿಬ್ಬದ ಮೇಲಿನ ಓಕ್ ಮರದ ನೆರಳಿನಲ್ಲಿ. ದೂರು, ಆಣೆ, ತೀರ್ಪು ಎಲ್ಲ ಅಲ್ಲೇ ಆಗಬೇಕು. ನೆರಳು ದಾಟಿ ಆಡಿದ ಮಾತು ಬರೀ ಹರಟೆ. ನಿನ್ನೆ, ನಮ್ಮ ನಾಡನ್ನು ಗೆದ್ದು ಬಂದ ಹೊಸ ನಾರ್ಮನ್ ಧಣಿಯ ಆಳುಗಳು ಬಂದು, ಕೋಟೆಗೆ ತೊಲೆ ಬೇಕೆಂದು ಆ ಮರವನ್ನೇ ಕಡಿದು ಎಳೆದುಕೊಂಡು ಹೋದರು.

ಇವತ್ತು ಊರೂರಿನವರೆಲ್ಲ ಬಂದು ಬೊಡ್ಡೆಯ ಸುತ್ತ ತೆಪ್ಪಗೆ ನಿಂತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

"ಓಸ್ಗರಣ್ಣ, ಹೋಬಳಿಗೆ ಹಿರಿಯ ಅಂತ ಮೆರೀತಿದ್ದೆಯಲ್ಲ, ಈಗೇನು ಬಾಯಿಗೆ ಬೀಗ ಹಾಕ್ಕೊಂಡಿದ್ದೀಯಾ? ಆ ಧಣಿ ಮೇಲೆ ದೂರು ಕೊಡು!" ಎಂದು ಕೂಗಿದೆ.

ಸುಡುಬಿಸಿಲಲ್ಲಿ ನಿಂತಿದ್ದ ಓಸ್ಗರ್ ಹಣೆಯ ಬೆವರು ಒರೆಸಿಕೊಂಡ.

"ಈಗಲೇ ಕೊಡ್ತೀನಿ ಕಣೇ ಗೋಡಾ. ನೆರಳೆಲ್ಲಿದೆ, ತೋರಿಸು."