ಹಲಗೆಯಿಂದ ಹಲಗೆಗೆ

ಕಿರ್ರ್ ಅಂದದ್ದು ಈ ಹಲಗೆಯಲ್ಲ, ಇದನ್ನು ಈಗಷ್ಟೇ ಬಿಗಿದದ್ದು, ಇದರ ಪಕ್ಕದ್ದು — ಮೊಣಕಾಲೂರಿ ಕೂತಿದ್ದವನು ಕೂತಲ್ಲೇ ಬಾಗಿ ಕಿವಿಯನ್ನು ನೆಲಕ್ಕೆ ಕೊಟ್ಟ, ಹಳೆಯ ಮರದ ಕಮಟು, ಸಂದಿಗಳಲ್ಲಿ ಯಾರು ಯಾರದೋ ಕಾಲದ ಧೂಳು, ಕಿಟಕಿಯ ಬಿಸಿಲು ಅಡ್ಡಡ್ಡ ಹಲಗೆಗಳ ಮೇಲೆ ಚಾಪೆಯ ಹಾಗೆ ಬಿದ್ದುಕೊಂಡಿದೆ, ಆ ಬಿಸಿಲಿನ ಅಂಚಿನಲ್ಲಿದ್ದ ಹಲಗೆ ಉಗುರಿನ ದಪ್ಪದಷ್ಟು ಕೆಳಗಿಳಿದು ಮತ್ತೆ ಮೇಲೆ ಬಂತು, ಬಂತೋ ಅಥವಾ ಹಾಗೆ ಕಂಡಿತೋ, ವಾರಗಟ್ಟಲೆ ನೆಟ್ಟಗೆ ಮಲಗದವನ ಕಣ್ಣು ಏನು ಬೇಕಾದರೂ ತೋರಿಸುತ್ತದೆ. ಮಂಚದ ಮೇಲೆ ಗುಬ್ಬಿ ಅಲುಗಾಡಲಿಲ್ಲ, ಪುಣ್ಯ. ಬಾಯಿ ಅರ್ಧ ತೆರೆದು, ಒಂದು ಕೈ ದಿಂಬಿನ ಕೆಳಗೆ ತೂರಿಸಿ ಮಲಗಿದ್ದಾಳೆ ಮಗಳು, ಇನ್ನೂ ಸ್ಕೂಲಿಗೂ ಸೇರಿಸದ ಕೂಸು, ಈ ಮನೆಗೆ ಬಂದ ಮೇಲೆ ಅವಳು ಹೀಗೆ ಮೈಮರೆತು ಮಲಗಿದ್ದನ್ನು ನೋಡಿಯೇ ಇರಲಿಲ್ಲ, ನಿದ್ದೆ ಕೆಡಬಾರದು ಅಂದಿದ್ದರು ಡಾಕ್ಟರು, ಫಿಟ್ಸ್ ಬಂದ ಮಗು ಇದು, ಜ್ವರ ಇಳೀತು ಅಂತ ಸುಮ್ನಾಗಬೇಡಿ, ರಾತ್ರಿ ನಿದ್ದೆ ಇಲ್ದೆ ಹೋದ್ರೆ ಮತ್ತೆ ಬರುತ್ತೆ ನೋಡಿ, ಅಷ್ಟು ಸಲೀಸಾಗಿ ಅಂದುಬಿಟ್ಟರು, ಆ ಪುಟ್ಟ ಕೈಕಾಲು ಸೆಟೆದುಕೊಂಡದ್ದನ್ನು, ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಂಡದ್ದನ್ನು ಅವರು ನೋಡಿದ್ದಾರೆಯೇ, ನೋಡಿದ್ದು ಇವನು, ಎತ್ತಿಕೊಂಡು ಚಪ್ಪಲಿಯಿಲ್ಲದೆ ಬೀದಿಗೆ ಓಡಿದ್ದು ಇವನು. ಕೆಳಗಿನ ಕೋಣೆಗಳ ಗೋಡೆ ಒಸರುತ್ತದೆ, ಅಲ್ಲಿ ಮಲಗಿಸುವ ಹಾಗಿಲ್ಲ, ಪಕ್ಕದಲ್ಲಿ ನಾವು ಮಲಗಿದರೆ ನಾವು ಹೊರಳಿದ್ದಕ್ಕೇ ಎದ್ದು ಕೂರುತ್ತಾಳೆ, ಹಾಗಾಗಿ ಮಹಡಿಯ ಈ ಕೋಣೆ ಅವಳಿಗೆ, ಆಚೆ ಕೋಣೆ ನಮಗೆ, ನಡುವಿನ ಬಾಗಿಲು ತೆರೆದೇ ಇರುತ್ತದೆ, ಎಲ್ಲ ಸರಿ, ಈ ಒಂದು ಸದ್ದು ಬಿಟ್ಟರೆ.

ಹಳೇ ಮರ ಕಣ್ರೀ, ಬಿಸಿಲಿಗೆ ಹಿಗ್ಗುತ್ತೆ, ರಾತ್ರಿ ಕುಗ್ಗುತ್ತೆ, ನಮ್ಮ ಮಂಡಿ ಕಟಕಟ ಅನ್ನಲ್ವಾ ಹಾಗೇ, ಎಂದಿದ್ದ ಸ್ಕ್ರೂ ಕೊಟ್ಟ ಅಂಗಡಿಯವನು, ತಿರುಪಿಗೆ ಸೋಪು ಸವರಿ ಬಿಗೀರಿ, ಬೆಣ್ಣೇಲಿ ಹೋದ ಹಾಗೆ ಹೋಗುತ್ತೆ. ಬೆಣ್ಣೆಯಂತೆ. ಅಂಗೈ ಸಿಪ್ಪೆಯೆದ್ದಿದೆ, ಮಗು ಮಲಗಿದೆ ಅಂತ ಸುತ್ತಿಗೆ ಎತ್ತುವಂತಿಲ್ಲ, ಕರೆಂಟಿನ ಡ್ರಿಲ್ ಮುಟ್ಟುವಂತಿಲ್ಲ, ಕೈ ಬೈರಿಗೆಯಲ್ಲಿ ತೂತು ಕೊರೆದು, ಸ್ಕ್ರೂ ಇಟ್ಟು, ಎದೆಯ ಭಾರ ಹಾಕಿ ತಿರುಗಿಸಬೇಕು, ಹಲಗೆಯ ಕೆಳಗಿನ ತೊಲೆ ಸಿಕ್ಕಿತೋ ಸರಿ, ಸಿಗದಿದ್ದರೆ ಸ್ಕ್ರೂ ಗಾಳಿಯಲ್ಲಿ ಗಿರಕಿ ಹೊಡೆಯುತ್ತದೆ, ಮತ್ತೆ ಕಿತ್ತು ಮತ್ತೆ ಕೊರಿ, ಇಷ್ಟಕ್ಕೂ ಈ ಮನೆಯಲ್ಲಿ ಯಾವುದು ಒಂದೇ ಸಲಕ್ಕೆ ಆಗಿದೆ, ನಲ್ಲಿ ರಿಪೇರಿ ಮಾಡಿದರೆ ಗೋಡೆಯೊಳಗೆ ಸೋರಿತು, ಕಿಟಕಿಯ ಚಿಲಕ ಸರಿಮಾಡಿದರೆ ಕಿಟಕಿಯೇ ಕೈಗೆ ಬಂತು, ಭಾವ, ನಿಮ್ಮ ಕೈಗೆ ಸುತ್ತಿಗೆ ಕೊಟ್ರೆ ಮೊಳೆಗಳೆಲ್ಲ ಬಿದ್ದು ಬಿದ್ದು ನಗ್ತಾವೆ ಅಂತ ಹೆಂಡತಿಯ ತಮ್ಮ ಹಲ್ಲು ಕಿರಿದಿದ್ದ, ಕಿರಿಯಲಿ, ಅವನಿಗೇನು, ಬಾಡಿಗೆ ಮನೆ, ಕೆಟ್ಟರೆ ಮಾಲೀಕನಿಗೆ ಫೋನು. ಆದರೆ ಆ ಪೆಟ್ಟಿಗೆ ಎಳೆಯಲು ಬಂದವನು ಅವನೇ, ಇನ್ಯಾರು ಬರುತ್ತಿದ್ದರು, ಮನೆ ನಮ್ಮ ಕೈಗೆ ಬಂದ ದಿನ ಇದೇ ಕೋಣೆಯಲ್ಲಿ, ಬಾಗಿಲ ಒಳಗೆ ಕಾಲಿಟ್ಟ ಕೂಡಲೇ ಎಡವುವ ಹಾಗೆ, ಮೊದಲ ಹಲಗೆಯ ಮೇಲೆ ಒಂದು ತಗಡಿನ ಪೆಟ್ಟಿಗೆ, ಎತ್ತಲು ಹೋದರೆ ಮಿಸುಕುವುದಿಲ್ಲ, ಬಂಗಾರ ಗಿಂಗಾರ ಇದ್ರೆ ಅರ್ಧ ನಂದು ಭಾವ ಅಂತ ಬೀಗ ಒಡೆದ, ಒಳಗೆ ಇಟ್ಟಿಗೆ. ಬರೀ ಇಟ್ಟಿಗೆ, ಸಾಲಾಗಿ ಜೋಡಿಸಿದ್ದು, ಮೇಲೊಂದು ಹಳೆಯ ಕಂಬಳಿ ಹೊದಿಸಿದ್ದು. ಇಬ್ಬರೂ ನಕ್ಕೆವು. ಹಲಗೆ ಸದ್ದು ಮಾಡಬಾರದು ಅಂತ ಭಾರ ಹೇರಿದ್ದಾರೆ ಭಾವ, ನಿಮಗಿಂತ ಸೋಮಾರಿ, ಒಂದು ಸ್ಕ್ರೂ ಹಾಕೋಕೆ ಆಗಿಲ್ಲ. ಮನೆ ಮಾರಿದ ಮುದುಕಿಗೆ ಫೋನು ಮಾಡಿ ಹೇಳಿದಾಗ ಅವರು ನಗಲಿಲ್ಲ, ತೆಗೆದ್ರಾ, ಅಂದರು, ಹ್ಞೂಂ ಅಮ್ಮಾ ತೆಗೆದ್ವಿ, ದಾರಿಗೆ ಅಡ್ಡ ಇತ್ತಲ್ಲ, ಹೌದಪ್ಪಾ ಅಡ್ಡ ಇರ್ಲಿ ಅಂತಾನೇ ಇಟ್ಟಿದ್ದು, ಅಂದರು, ಆಮೇಲೆ ನಲ್ಲಿಯ ಮಾತು, ಮೀಟರಿನ ಮಾತು.

ಪೆಟ್ಟಿಗೆ ತೆಗೆದ ರಾತ್ರಿಯೇ ಶುರುವಾದದ್ದು. ಕಿರ್ರ್, ಬಾಗಿಲ ಹತ್ತಿರ. ಗುಬ್ಬಿ ಎದ್ದು ಕೂತಿದ್ದಳು, ಕತ್ತಲಲ್ಲಿ ಮುಖ ಕಾಣದು, ದನಿ ಮಾತ್ರ, ಅಪ್ಪಾ ಯಾಕೆ ಅಲ್ಲೇ ನಿಂತ್ಕೊಂಡೆ, ಒಳಗೆ ಬಾ. ಇವನು ಆಚೆ ಕೋಣೆಯಲ್ಲಿ ಹೊದಿಕೆಯೊಳಗೆ ಮಲಗಿದ್ದ. ಹೆದರಿಕೆ ಇರಲಿಲ್ಲ ಆ ದನಿಯಲ್ಲಿ, ಅದೇ, ಹೆದರಿ ಅತ್ತಿದ್ದರೆ ತಟ್ಟಿ ಮಲಗಿಸಬಹುದಿತ್ತು, ಅವಳು ಕಾಯುತ್ತಾಳೆ, ಬರುವವರು ಬಂದು ಮುಗಿಯಲಿ ಅಂತ ಕೂತೇ ಇರುತ್ತಾಳೆ, ಬೆಳಗಾಗುವಷ್ಟರಲ್ಲಿ ಕಣ್ಣ ಕೆಳಗೆ ಕಪ್ಪು. ಮರುದಿನವೇ ಮೊದಲ ಹಲಗೆಗೆ ಸ್ಕ್ರೂ ಹಾಕಿದ, ಅದು ಗಪ್‌ಚಿಪ್ಪಾಯಿತು, ಸಂಜೆಗೆ ಎರಡನೆಯದು ಕಿರ್ರ್. ಅದಕ್ಕೂ ಹಾಕಿದ. ಆಫೀಸಿನಿಂದ ಬಂದು ಊಟಕ್ಕೆ ಮೊದಲು ಒಂದು ಹಲಗೆ, ಹೀಗೇ ನಡೆದಿದೆ, ಒಂದರ ಬಾಯಿ ಮುಚ್ಚಿಸಿದರೆ ಅದರ ಮುಂದಿನದು ಬಾಯಿ ಬಿಡುತ್ತದೆ, ಸಹಜವಪ್ಪಾ, ಇಲ್ಲಿ ಬಿಗಿದರೆ ಸಡಿಲ ಅಲ್ಲಿಗೆ ಹೋಗುತ್ತದೆ, ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದೇನಿದೆ. ಇವತ್ತು ಬೆಳಗ್ಗೆ ಹೆಂಡತಿ ಕೆಲಸಕ್ಕೆ ಹೊರಟವಳು ಬಾಗಿಲಲ್ಲಿ ನಿಂತು ನೋಡಿದಳು, ಹೊಸ ಸ್ಕ್ರೂ ತಲೆಗಳು ಬಾಗಿಲಿಂದ ಕೋಣೆಯ ನಡುವಿನವರೆಗೆ ಫಳಫಳ ಹೊಳೆಯುತ್ತಿದ್ದವು, ರೀ, ನೀವು ನೆಲ ಒರೆಸಿದ ಹಾಗೇ ಆಯ್ತಲ್ಲ ಇದೂ, ಒರೆಸೋರು ಯಾರಾದ್ರೂ ಬಾಗಿಲಿಂದ ಒಳಗೆ ಒರೆಸ್ಕೊಂಡು ಹೋಗ್ತಾರಾ, ಮೂಲೇಲಿ ನಿಂತು ಈಚೆ ಬರೋಕಾಗ್ದೆ ಕೈ ಹಿಡ್ಕೊಳೇ ಅಂತ ಕೂಗೋದು ನೀವೊಬ್ರೇ, ಆ ಗೋಡೆ ಕಡೆಯಿಂದ ಶುರು ಮಾಡಿದ್ರೆ ಸದ್ದು ಬಾಗಿಲು ದಾಟಿ ಆಚೆ ಹೋಗ್ತಿತ್ತು. ತಮಾಷೆಗೇ ಅಂದದ್ದು. ಕೊನೆಯ ಮಾತು ಮಾತ್ರ ತಮಾಷೆಯದ್ದಲ್ಲ, ಸಂಜೆ ನಾನು ಬರೋಷ್ಟ್ರಲ್ಲಿ ಈ ಸದ್ದು ನಿಲ್ಲದೇ ಇದ್ರೆ ಗುಬ್ಬೀನ ಕರ್ಕೊಂಡು ತಮ್ಮನ ಮನೆಗೆ ಹೋಗ್ತೀನಿ, ಮಗು ಮೊದಲು, ನಿಮ್ಮ ಹಟ ಆಮೇಲೆ.

ಹಟವಲ್ಲ ಕಣೇ, ಹಟವಲ್ಲ. ಇವತ್ತು ರಜೆ ಹಾಕಿ ಕೂತಿದ್ದಾನೆ, ಬೆಳಗಿನಿಂದ ಬಿಡುವಿಲ್ಲದೆ, ಗುಬ್ಬಿ ಗೊಂಬೆ ಇಟ್ಟುಕೊಂಡು ಮಂಚದ ಮೇಲಿಂದ ನೋಡುತ್ತಿದ್ದಳು, ಅಪ್ಪಾ ನೀನು ತಿರುಗಿಸ್ತಾ ಇರು, ನಿಲ್ಲಿಸ್ಬೇಡ, ಅನ್ನುತ್ತ ಅನ್ನುತ್ತಲೇ ಒರಗಿದಳು, ಸ್ಕ್ರೂ ತಿರುಗುವ ಆ ಸಣ್ಣ ಕುಯ್ ಕುಯ್‌ಗೆ ನಿದ್ದೆ ಹೋಯಿತು ಕೂಸು, ಅಷ್ಟಾದರೂ ಆಯಿತು ಈ ಕೈಯಿಂದ. ಇನ್ನೊಂದು ಹಲಗೆ, ಸಂದಿಗೆ ಮಗುವಿನ ಪೌಡರ್ ಉದುರಿಸಿ, ಸೋಪು ಸವರಿ, ಬಿಗಿ. ಮುಂದಿನದು ಕಿರ್ರ್. ಬಿಗಿ. ಮುಂದಿನದು — ಬೆನ್ನು ನೆಟ್ಟಗೆ ಮಾಡಲು ಎದ್ದು ನಿಂತವನು ಮೊದಲ ಸಲ ಕೋಣೆಯನ್ನು ಉದ್ದಕ್ಕೆ ನೋಡಿದ, ಬಾಗಿಲು ಎಷ್ಟು ಹಿಂದೆ ಉಳಿದಿದೆ, ಮಂಚ ಎಷ್ಟು ಹತ್ತಿರ. ಸದ್ದು ಯಾವತ್ತೂ ಹಿಂದಕ್ಕೆ ಹೋಗಿಲ್ಲ. ಎಡಕ್ಕೂ ಬಲಕ್ಕೂ ಹೋಗಿಲ್ಲ. ಒಂದೊಂದೇ ಹಲಗೆ, ಕತ್ತಲಲ್ಲಿ ಕಾಲಿಗೇನೂ ತಾಗದಿರಲಿ ಅಂತ ನೋಡಿ ನೋಡಿ ಹೆಜ್ಜೆಯಿಡುವವರ ಹಾಗೆ, ಛೆ, ಮರ ಅದು, ಮರ, ಆದರೆ ಅದನ್ನು ಬಾಗಿಲಿನಿಂದ ಇಲ್ಲಿಯವರೆಗೆ ಯಾರು ಕರೆತಂದದ್ದು, ನಿಂತಿದ್ದಲ್ಲಿ ನಿಂತಿತ್ತಲ್ಲ, ಮಗು ಒಳಗೆ ಬಾ ಅಂದರೂ ಬರದೆ ನಿಂತಿತ್ತಲ್ಲ, ನಿಲ್ಲಲು ಜಾಗ ಕೊಡದೆ ಬೆನ್ನಿಗೆ ಬಿದ್ದು ಅಟ್ಟಿದ್ದು — ನಿಲ್ಲಿಸಿಬಿಡಲೇ, ಇಲ್ಲಿಗೇ ಬಿಟ್ಟುಬಿಡಲೇ, ಬಿಟ್ಟರೆ ಇದು ಇಲ್ಲೇ ಕಿರುಗುಟ್ಟುತ್ತದೆ, ಅವಳ ತಲೆಯ ಹತ್ತಿರ, ರಾತ್ರಿಯೆಲ್ಲ, ನಿದ್ದೆ ಕೆಡುತ್ತದೆ, ಕೈಕಾಲು ಸೆಟೆಯುತ್ತದೆ, ಇಲ್ಲ, ಮುಗಿಸಬೇಕು, ಗೋಡೆ ಸಿಕ್ಕಿದ ಮೇಲೆ ಇನ್ನೆಲ್ಲಿಗೆ ಹೋದೀತು, ಹಲಗೆ ಮುಗಿದ ಮೇಲೆ ಸದ್ದೂ ಮುಗಿಯಲೇಬೇಕು. ಎತ್ತಿಕೊಂಡು ಆಚೆ ಕೋಣೆಯಲ್ಲಿ ಮಲಗಿಸಿದರೆ ಎದ್ದುಬಿಡುತ್ತಾಳೆ, ಮುಟ್ಟಿದರೆ ಸಾಕು ಎದ್ದುಬಿಡುತ್ತಾಳೆ, ಬೇಡ, ಮಲಗಿರಲಿ.

ಬೆನ್ನ ಮೇಲೆ ಮಲಗಿ ಮಂಚದ ಕೆಳಗೆ ತೂರಿದ, ಹೊಟ್ಟೆ ಒಳಗೆಳೆದು, ಅಂಗಿ ಎಲ್ಲೋ ಸಿಕ್ಕಿ ಹರಿಯಿತು, ಹರಿಯಲಿ, ಗೋಡೆಯ ಬುಡದ ಕೊನೆಯ ಹಲಗೆ ಕಿವಿಯ ಪಕ್ಕದಲ್ಲೇ ಕಿರ್ರ್ ಅಂದಿತು, ಇಷ್ಟು ಹತ್ತಿರದಿಂದ ಅದು ಮರದ ಸದ್ದಿನ ಹಾಗೆ ಕೇಳುವುದಿಲ್ಲ, ಭಾರ ಒಂದು ಕಾಲಿಂದ ಇನ್ನೊಂದಕ್ಕೆ ಬದಲಾದ ಹಾಗೆ, ಮಗ್ಗುಲಾಗಿ ಹೊರಳಿ ಬೈರಿಗೆ ತಿರುಗಿಸಿದ, ಪುಡಿ ಕಣ್ಣಿಗೆ ಬಿತ್ತು, ಕುರುಡುಗಣ್ಣಲ್ಲೇ ಸ್ಕ್ರೂ ಇಟ್ಟ, ತೊಲೆ ಸಿಕ್ಕಿತು, ಮೊದಲ ಸಲಕ್ಕೇ ಸಿಕ್ಕಿತು, ಈ ಮನೆಯಲ್ಲಿ ಮೊದಲ ಸಲಕ್ಕೇ ಆದ ಕೆಲಸ ಇದೊಂದೇ, ಬಿಗಿ, ಇನ್ನೂ ಬಿಗಿ, ಸ್ಕ್ರೂ ತಲೆ ಮರದೊಳಗೆ ಹುದುಗುವವರೆಗೆ ಬಿಗಿ. ಆಮೇಲೆ ಕೇಳಿಸಿಕೊಂಡ. ಏನೂ ಇಲ್ಲ. ಮನೆಯಿಡೀ ಹತ್ತಿ ತುರುಕಿದ ಹಾಗೆ. ಮೇಲೆ ಮಗುವಿನ ಉಸಿರು, ಉದ್ದದ್ದು, ಆಳದ್ದು, ಗೆದ್ದೆ ಕಣೇ, ಬಂದು ನೋಡು, ಒಂದು ಸದ್ದಿಲ್ಲ — ಬೆನ್ನ ಮೇಲೆ ಹೊರಳಿ ಕಣ್ಣೊರೆಸಿಕೊಂಡ, ಮೂಗಿನಿಂದ ಗೇಣು ದೂರದಲ್ಲಿ ಮಂಚದ ಹಲಗೆಗಳು, ಅವೂ ಅಡ್ಡಡ್ಡಲಾಗಿ, ಅವೂ ಒಂದರ ಪಕ್ಕ ಒಂದು, ಇದೂ ಹಲಗೆಯೇ ಅಲ್ಲವೇ, ನಡುವಿನವು ಗುಬ್ಬಿಯ ಭಾರಕ್ಕೆ ಒಂದಿಷ್ಟು ಬಾಗಿವೆ, ಅಂಚಿನದು, ಕಾಲಿನ ಕಡೆಯದು, ಯಾರೂ ಇಲ್ಲದ್ದು, ನೆಟ್ಟಗಿದೆ, ನೆಟ್ಟಗಿತ್ತು, ಅದು ಸದ್ದಿಲ್ಲದೆ, ಮಲಗಿದ ಮಗು ಎಚ್ಚರಾಗದಿರಲಿ ಅಂತ ಮೆಲ್ಲಗೆ ಕೂರುವವರ ಹಾಗೆ, ಉಗುರಿನ ದಪ್ಪದಷ್ಟು ಕೆಳಗಿಳಿಯಿತು. ಕೂಗಿದರೆ ಎದ್ದುಬಿಡುತ್ತಾಳೆ. ಎಳೆದುಕೊಂಡರೆ ಎದ್ದುಬಿಡುತ್ತಾಳೆ. ನಡುವಿನ ಹಲಗೆಗಳ ಬಾಗು ಸಡಿಲಾಯಿತು, ಇಳಿಜಾರಿಗೆ ಉರುಳುವ ಗುಬ್ಬಿಯ ನಿದ್ದೆಯ ಮೈಯ ಭಾರ ಆ ಕಡೆಗೆ ಸರಿಯಿತು, ಉಸಿರು ಇನ್ನೂ ಉದ್ದವಾಯಿತು, ಇನ್ನೂ ಆಳವಾಯಿತು, ಅಂಚಿನ ಹಲಗೆ ಇಳಿದಲ್ಲೇ ಇದೆ, ಈಗ ಮೇಲೆ ಬರುತ್ತದೆ, ಇಷ್ಟು ದಿನವೂ ಇಳಿದದ್ದು ಮೇಲೆ ಬಂದಿದೆ, ಈಗ ಬರುತ್ತದೆ, ಉಗುರಿನ ದಪ್ಪದಷ್ಟು, ಅಷ್ಟೇ, ಈಗ, ಹಲಗೆ, ಇಳಿದದ್ದು —